ಮೀನುಮರಿಗೆ ಲಸಿಕೆ ಕೇಳುವ ಮುಂಚೆ ಅದರ ವಯಸ್ಸು ಕೇಳಿ

ಮಳೆ ಹಿಡಿದು ಕೆರೆ, ಕೃಷಿ ಹೊಂಡಗಳಲ್ಲಿ ನೀರು ನಿಂತ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಕಡೆ ಮೀನುಮರಿ ಬಿತ್ತನೆ ಶುರುವಾಗುತ್ತದೆ. ಕಾಟ್ಲಾ, ರೋಹು, ಮೃಗಾಲ್, ಜೊತೆಗೆ ಒಂದಿಷ್ಟು ಸಾಮಾನ್ಯ ಗೆಂಡೆ. ಪಾಲಿಥಿನ್ ಚೀಲದಲ್ಲಿ ಸ್ವಲ್ಪ ನೀರು, ಉಳಿದ ಜಾಗಕ್ಕೆ ಆಮ್ಲಜನಕ, ಒಳಗೆ ಸಾವಿರಗಟ್ಟಲೆ ಮರಿ. ರಾತ್ರಿಯೆಲ್ಲ ಟೆಂಪೋದಲ್ಲಿ ಕುಲುಕಾಡಿಕೊಂಡು ಬಂದು ಬೆಳಿಗ್ಗೆ ಹೊಂಡ ಸೇರುತ್ತವೆ. ಎರಡು ಮೂರು ವಾರ ಕಳೆದ ಮೇಲೆ ಫೋನ್ ಶುರು. "ಸರ, ಮರಿ ದಂಡಿಗಿ ತೇಲಿ ಬರ್ಲಿಕತ್ತಾವ್ರಿ, ಏನರ ಔಷಧ ಇದ್ರ ಹೇಳ್ರಿ."

ಔಷಧ ಕೇಳುವುದು ಹಳೆಯ ಮಾತು. ಈಗೀಗ ಅದರ ಜೊತೆ ಇನ್ನೂ ಎರಡು ಪ್ರಶ್ನೆ ಸೇರಿಕೊಂಡಿವೆ. ಮೀನಿಗೆ ಲಸಿಕೆ ಬಂದಿದೆಯಂತೆ, ಸಿಗುತ್ತದಾ? ಜೀನ್ ಬದಲಾಯಿಸಿ ರೋಗವೇ ಬರದ ಮೀನು ಮಾಡುತ್ತಾರಂತೆ, ಯಾವಾಗ ಬರುತ್ತದೆ?

ನಮ್ಮವರು ಹೀಗೆ ಕೇಳುವುದರಲ್ಲಿ ತಪ್ಪೇನಿಲ್ಲ. ನೆಟೆ ರೋಗಕ್ಕೆ ತೊಗರಿ ನಿಂತಲ್ಲೇ ಒಣಗುತ್ತಿದ್ದಾಗ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದ ಟಿಎಸ್-3ಆರ್ ಬಂತು. ಬೀಜ ಬದಲಾಯಿಸಿದವರ ಹೊಲ ಉಳಿಯಿತು. ಮೀನಿಗೂ ಅಂಥದ್ದೊಂದು ಬೀಜ ಸಿಕ್ಕರೆ ಸಾಕು ಅನ್ನುವುದು ಅವರ ಲೆಕ್ಕ. ಆದರೆ ತೊಗರಿ ಗಿಡಕ್ಕೆ ರೋಗ ತಡೆಯುವುದಕ್ಕೆ ಅಂತಲೇ ಬೇರೆ ಅಂಗ ಇಲ್ಲ. ಆ ಗುಣ ಬೇರಿನಿಂದ ಚಿಗುರಿನವರೆಗೆ ಮೈಯೆಲ್ಲ ಹರಡಿರುತ್ತದೆ. ಮೀನಿಗೆ ಅಂಗಗಳಿವೆ. ಅವನ್ನು ಅದು ಹುಟ್ಟಿದ ಮೇಲೆ ಒಂದೊಂದಾಗಿ ಕಟ್ಟಿಕೊಳ್ಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಜೀನ್‌ಗಳು ತೀರ್ಮಾನಿಸುತ್ತವೆ. ಎಷ್ಟು ಬೇಗ ಅನ್ನುವುದನ್ನು ನೀರಿನ ಬಿಸಿ, ಮೇವು, ಮರಿ ಪಡುವ ಕಷ್ಟ ತೀರ್ಮಾನಿಸುತ್ತವೆ. ನಮ್ಮ ಕಡೆಯ ಮರಿ ವ್ಯಾಪಾರ ನಡೆಯುವುದು ಸರಿಯಾಗಿ ಈ ಕಟ್ಟಡ ಅರ್ಧ ಎದ್ದಿರುವ ಹೊತ್ತಿನಲ್ಲಿ. ನನ್ನ ತಕರಾರು ಅಲ್ಲೇ ಇರುವುದು.

ಮೊದಲು ಆ ಅಂಗಗಳು ಎಲ್ಲಿವೆ ಅಂತ ನೋಡೋಣ. ಇದಕ್ಕೆ ಪ್ರಯೋಗಾಲಯ ಬೇಡ, ಮೀನು ಕೊಯ್ಯುವವರ ಪಕ್ಕ ನಿಂತರೆ ಸಾಕು. ಕಿಲೋ ತೂಕದ ರೋಹು. ಹುರುಪೆ ಕೆರೆದು, ಹೊಟ್ಟೆ ಸೀಳಿ, ಕರುಳು ಎಳೆದು ಹಾಕುತ್ತಾರೆ. ಕರುಳಿನ ಸುರುಳಿಗಳ ನಡುವೆ ಕಡುಗೆಂಪಿನ ಒಂದು ತುಣುಕು ಅಂಟಿಕೊಂಡಿರುತ್ತದೆ. ಅದು ಗುಲ್ಮ. ಅದರ ಮೇಲೆ ಬೆಳ್ಳಗೆ ಹೊಳೆಯುವ ಗಾಳಿಚೀಲ, ಎರಡು ಭಾಗದ್ದು. ಅದನ್ನು ಕಿತ್ತರೆ ಬೆನ್ನುಮೂಳೆಗೆ ಅಂಟಿದಂತೆ ಹೆಪ್ಪುಗಟ್ಟಿದ ರಕ್ತದ ಹಾಗೆ ಕಾಣುವ ಒಂದು ಪಟ್ಟಿ. ಕೊಯ್ಯುವವನು ಅದನ್ನು ಹೆಬ್ಬೆರಳ ಉಗುರಿನಿಂದ ಕೆರೆದು ನೀರು ಹೊಯ್ಯುತ್ತಾನೆ. ಮನೆಯಲ್ಲೂ ಹಾಗೆಯೇ, "ಆ ನೆತ್ತರು ಹೋಗಲಿ, ಇಲ್ಲಾಂದ್ರೆ ಸಾರು ಕಹಿ" ಅಂತಾರೆ. ಅದು ನೆತ್ತರಲ್ಲ, ಕಿಡ್ನಿ. ಅದರಲ್ಲೂ ತಲೆಯ ಕಡೆಗೆ, ಕಿವಿರಿನ ಹಿಂದೆ ಇರುವ ತುದಿ ಉಚ್ಚೆ ಸೋಸುವ ಕೆಲಸವನ್ನು ಹೆಚ್ಚುಕಮ್ಮಿ ಬಿಟ್ಟೇ ಬಿಟ್ಟಿರುತ್ತದೆ. ಅಲ್ಲಿ ರಕ್ತಕಣಗಳು ತಯಾರಾಗುತ್ತವೆ. ನಮಗೆ ಮೂಳೆಯೊಳಗಿನ ಮಜ್ಜೆ ಮಾಡುವ ಕೆಲಸವನ್ನು ಮೀನಿಗೆ ಈ ತಲೆಕಿಡ್ನಿ ಮಾಡುತ್ತದೆ, ಯಾಕೆಂದರೆ ಮೀನಿನ ಮೂಳೆಯಲ್ಲಿ ರಕ್ತ ತಯಾರಿಸುವ ಮಜ್ಜೆ ಇಲ್ಲ. ನಮಗೆ ಗಂಟಲಲ್ಲಿ, ಕಂಕುಳಲ್ಲಿ ಊದಿಕೊಳ್ಳುವ ಹಾಲುರಸ ಗ್ರಂಥಿಗಳೂ ಅದಕ್ಕಿಲ್ಲ.

ಮೂರನೆಯದು ಥೈಮಸ್. ಇದು ಅಂಗಡಿಯಲ್ಲಿ ಕಾಣುವುದು ಕಷ್ಟ. ಕಿವಿರಿನ ಮುಚ್ಚಳ ಎತ್ತಿದರೆ ಒಳಗೆ ಮೇಲಿನ ಮೂಲೆಯಲ್ಲಿ, ತೆಳು ಪೊರೆಯ ಅಡಿಯಲ್ಲಿ, ಎರಡೂ ಪಕ್ಕ ಒಂದೊಂದು. ಮರಿಯಲ್ಲಿ ಚೆನ್ನಾಗಿರುತ್ತದೆ, ಮೀನು ಬಲಿತ ಹಾಗೆ ಕುಗ್ಗುತ್ತದೆ. ಟಿ ಕಣಗಳೆಂಬ ಬಿಳಿ ರಕ್ತಕಣಗಳು ತಯಾರಾಗುವುದು ಇಲ್ಲಿ. ಯಾವ ರೋಗಾಣು ಹಿಂದೆ ಬಂದಿತ್ತು ಅಂತ ನೆನಪಿಟ್ಟುಕೊಂಡು ಎರಡನೇ ಸಲ ಬೇಗ ಹೊಡೆಯುವ ಶಕ್ತಿಗೆ ಈ ಕಣಗಳು ಬೇಕೇ ಬೇಕು. ಲಸಿಕೆ ಕೆಲಸ ಮಾಡುವುದು ಆ ನೆನಪಿನ ಮೇಲೆಯೇ ಅಲ್ವಾ.

ಈ ಅಂಗಗಳು ಹೇಗೆ ಮೂಡುತ್ತವೆ ಅನ್ನುವುದು ನಮಗೆ ಗೊತ್ತಾಗಿದ್ದು ಬಹುಪಾಲು ಜೀಬ್ರಾಫಿಶ್ ಎಂಬ ಬೆರಳ ಗಿಣ್ಣಿನಷ್ಟು ಪುಟ್ಟ ಮೀನಿನಿಂದ. ಅಕ್ವೇರಿಯಂ ಅಂಗಡಿಯಲ್ಲಿ ನೀಲಿ ಪಟ್ಟೆಯ ಮೀನು ನೋಡಿರುತ್ತೀರಿ, ಅದೇ. ವಿದೇಶಿ ಮೀನು ಅಂದುಕೊಂಡವರೇ ಜಾಸ್ತಿ, ಆದರೆ ಅದು ಗಂಗಾ ಬಯಲಿನ ಹಳ್ಳಕೊಳ್ಳದ ಮೀನು. 1822ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರಿಟ್ಟವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಸತ್ತ ಮಾರನೇ ವರ್ಷ ಮೈಸೂರು ಸೀಮೆ ಸುತ್ತಿ ವರದಿ ಬರೆದ ಬುಕಾನನ್ ಇದ್ದಾನಲ್ಲ, ಅವನೇ ಇವನು, ಆಮೇಲೆ ಹೆಸರು ಬದಲಾಯಿಸಿಕೊಂಡ. ನಾವು ಹೊಂಡಕ್ಕೆ ಬಿಡುವ ರೋಹು, ಕಾಟ್ಲಾಗಳನ್ನು ಅದೇ ವರ್ಷ ವಿವರಿಸಿದವನೂ ಅವನೇ. ಜೀಬ್ರಾಫಿಶ್, ರೋಹು, ಕಾಟ್ಲಾ, ಗೆಂಡೆ ಎಲ್ಲ ಒಂದೇ ದೊಡ್ಡ ಬಳಗಕ್ಕೆ ಸೇರಿದವು, ಹಾಗಾಗಿ ಅದರಲ್ಲಿ ಕಂಡದ್ದು ನಮ್ಮ ಹೊಂಡಕ್ಕೂ ಸಾಕಷ್ಟು ಹೊಂದುತ್ತದೆ.

ಇದರ ಮೊಟ್ಟೆ, ಮರಿ ಎರಡೂ ಗಾಜಿನ ಹಾಗೆ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಒಳಗೆ ಆಗುವುದೆಲ್ಲ ಕಾಣುತ್ತದೆ. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಇದನ್ನು ತಳಿಶಾಸ್ತ್ರದ ಪ್ರಾಣಿಯಾಗಿ ಪಳಗಿಸಿದ್ದು 1970-80ರ ದಶಕದಲ್ಲಿ. 1996ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ಮತ್ತು ಅಮೆರಿಕದ ಬಾಸ್ಟನ್‌ನ ತಂಡಗಳು ಸಾವಿರಾರು ಜೀನ್ ದೋಷಗಳನ್ನು ಒಟ್ಟಿಗೆ ಪ್ರಕಟಿಸಿದವು. 2013ರಲ್ಲಿ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್ಎಯ ಓದು, ಬಂತು. ಮನುಷ್ಯನ ಜೀನ್‌ಗಳಲ್ಲಿ ಸುಮಾರು ಶೇಕಡಾ 70ಕ್ಕೆ ಈ ಮೀನಿನಲ್ಲಿ ಸಮನಾದ ಜೀನ್ ಇದೆ ಅಂತ ಆಗ ತಿಳಿಯಿತು.

ಈಗ ಕಟ್ಟಡ ಏಳುವ ಕ್ರಮ ನೋಡಿ. ಮೊಟ್ಟೆ ಫಲಿತವಾಗಿ ಒಂದು ದಿನ ಕಳೆದು ಕೆಲವು ಗಂಟೆಯಾದಾಗ, ಬೆನ್ನಿನುದ್ದಕ್ಕೂ ಹೋಗುವ ದೊಡ್ಡ ರಕ್ತನಾಳದ ಕೆಳಗೋಡೆಯಿಂದ ಕೆಲವು ಕಣಗಳು ಬಾಗಿ, ಗೋಡೆ ಬಿಟ್ಟು ಹೊರಬೀಳುತ್ತವೆ. ಇವು ರಕ್ತದ ಮೂಲಕಣಗಳು. ಗೋಡೆಯ ಕಣ ರಕ್ತದ ಕಣವಾಗಿ ಬದಲಾಗುವ ಈ ಗಳಿಗೆಯನ್ನು 2010ರಲ್ಲಿ ಜೀವಂತ ಮರಿಯಲ್ಲೇ ಚಿತ್ರೀಕರಿಸಿದರು. ಇದಕ್ಕೆ ಅಪ್ಪಣೆ ಕೊಡುವ ಜೀನ್ ರನ್ಎಕ್ಸ್1. ಅದು ಕೆಟ್ಟರೆ ಈ ಕಣಗಳು ಸರಿಯಾಗಿ ಹುಟ್ಟುವುದಿಲ್ಲ. ಹೊರಬಿದ್ದ ಕಣಗಳು ಮೊದಲು ಬಾಲದ ಕಡೆಯ ಒಂದು ತಾತ್ಕಾಲಿಕ ಜಾಗದಲ್ಲಿ ಸೇರಿ ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ಅಲ್ಲಿಂದ ಕೆಲವು ಥೈಮಸ್ ಕಡೆಗೆ, ಕೆಲವು ಕಿಡ್ನಿ ಕಡೆಗೆ ಹೊರಡುತ್ತವೆ.

ಅಷ್ಟರಲ್ಲಿ ಥೈಮಸ್‌ಗೆ ಜಾಗ ಸಿದ್ಧವಾಗಿರಬೇಕು. ಕಿವಿರು ಮೂಡುವ ಕಡೆ ಗಂಟಲ ಗೋಡೆಯಲ್ಲಿ ಸಣ್ಣ ಸಣ್ಣ ಮಡಿಕೆಗಳಾಗುತ್ತವೆ, ಅವುಗಳ ಒಂದು ತುಣುಕೇ ಥೈಮಸ್ ಆಗುವುದು. ಮಡಿಕೆಗಳೇ ಆಗದಿದ್ದರೆ? ಜೀಬ್ರಾಫಿಶ್‌ನಲ್ಲಿ ಅಂಥದ್ದೊಂದು ದೋಷ ಸಿಕ್ಕಿದೆ. ಕಿವಿ ಚಿಕ್ಕದಾದ ಆ ಮರಿಗೆ ವ್ಯಾನ್ ಗೋ ಅಂತ ಹೆಸರಿಟ್ಟಿದ್ದಾರೆ, ಕಿವಿ ಕೊಯ್ದುಕೊಂಡ ಚಿತ್ರಕಾರನ ನೆನಪಿಗೆ! ವಿಜ್ಞಾನಿಗಳ ತಮಾಷೆಯೇ ಹಾಗೆ. ಅದರಲ್ಲಿ ಕೆಟ್ಟಿರುವ ಜೀನ್ ಟಿಬಿಎಕ್ಸ್1. ಮನುಷ್ಯರಲ್ಲಿ 22ನೇ ವರ್ಣತಂತುವಿನ ಒಂದು ಚೂರು ಬಿಟ್ಟುಹೋದಾಗ ಹುಟ್ಟುವ, ಡಿಜಾರ್ಜ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಥೈಮಸ್ ಸರಿಯಾಗಿ ಬೆಳೆಯದೆ ಇರುವುದಕ್ಕೂ ಇದೇ ಜೀನ್ ದೊಡ್ಡ ಕಾರಣ.

ಜಾಗ ಆಯಿತು. ಅದನ್ನು ನಿಜವಾದ ಥೈಮಸ್ ಮಾಡುವುದು ಫಾಕ್ಸ್‌ಎನ್1 ಎಂಬ ಜೀನ್. ಇದರ ಕಥೆ ಶುರುವಾಗಿದ್ದು ಮೀನಿನಲ್ಲಲ್ಲ, ಇಲಿಯಲ್ಲಿ. 1960ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮೈಮೇಲೆ ಕೂದಲೇ ಇಲ್ಲದ ಇಲಿಗಳು ಹುಟ್ಟಿದವು. 1966ರಲ್ಲಿ ಅವುಗಳ ವಿವರ ಬಂತು. 1968ರಲ್ಲಿ ಅವಕ್ಕೆ ಥೈಮಸ್ ಕೂಡ ಇಲ್ಲ ಅಂತ ಗೊತ್ತಾಯಿತು. ಕಾರಣವಾದ ಜೀನ್ ಸಿಕ್ಕಿದ್ದು 1994ರಲ್ಲಿ. ಆಮೇಲೆ ಅದೇ ಜೀನ್ ಮೀನಿನ ಥೈಮಸ್‌ನಲ್ಲೂ ಸಿಕ್ಕಿತು. ಜರ್ಮನಿಯ ಥಾಮಸ್ ಬೋಮ್ ಅವರ ತಂಡ ಇದರ ಬೆನ್ನು ಹತ್ತಿ, 2012ರಲ್ಲಿ ಇಲಿಯಲ್ಲಿ ಒಂದು ಒಳ್ಳೆಯ ಪ್ರಯೋಗ ಮಾಡಿತು. ಫಾಕ್ಸ್‌ಎನ್1 ಇಲ್ಲದ ಇಲಿಗೆ ಬರೀ ನಾಲ್ಕು ಅಣುಗಳನ್ನು ಬೇರೆ ಬೇರೆ ಜೋಡಿಯಲ್ಲಿ ವಾಪಸ್ ಕೊಟ್ಟು ನೋಡಿದರು. ಎರಡು ಅಣುಗಳು ರಕ್ತದ ಕಣಗಳನ್ನು ಥೈಮಸ್ ಕಡೆಗೆ ಕರೆಯುತ್ತವೆ. ಒಂದು ಅವನ್ನು ಸಾಕುತ್ತದೆ. ನಾಲ್ಕನೆಯದು, ನೀನು ಟಿ ಕಣವಾಗು ಅಂತ ಹೇಳುತ್ತದೆ. ಮೆಡಾಕಾ ಎಂಬ ಜಪಾನಿನ ಗದ್ದೆಮೀನಿನಲ್ಲೂ ಇದೇ ನಾಲ್ವರ ಕೂಟ ಕಾಣುತ್ತದೆ. ಮೀನಿಗೂ ನಮಗೂ ದಾರಿ ಬೇರೆಯಾಗಿ ನಲವತ್ತು ಕೋಟಿ ವರ್ಷ ದಾಟಿದ್ದರೂ ಥೈಮಸ್ ಕಟ್ಟುವ ವಿಧಾನ ಹಾಗೇ ಉಳಿದಿದೆ.

ಗುಲ್ಮದ ಕಥೆ ಚಿಕ್ಕದು. ಟಿಎಲ್ಎಕ್ಸ್1 ಎಂಬ ಜೀನ್ ಕೆಡಿಸಿದರೆ ಇಲಿಗೂ ಗುಲ್ಮ ಬೆಳೆಯುವುದಿಲ್ಲ, ಜೀಬ್ರಾಫಿಶ್‌ಗೂ ಬೆಳೆಯುವುದಿಲ್ಲ. ಹಾಗೆ ಹುಟ್ಟಿದ ಮೀನು ಬದುಕುತ್ತದೆ, ಆದರೆ ಸೋಂಕು ತಗುಲಿದಾಗ ಬೇಗ ಸೋಲುತ್ತದೆ.

ಇನ್ನೊಂದು ಜೀನ್ ಹೇಳಿಬಿಡುತ್ತೇನೆ, ಯಾಕೆಂದರೆ ಹೊಂಡದ ಲೆಕ್ಕಕ್ಕೆ ಇದೇ ಮುಖ್ಯ. ರ್‍ಯಾಗ್1, 1989ರಲ್ಲಿ ಪತ್ತೆಯಾದದ್ದು. ಥೈಮಸ್ ಮತ್ತು ಕಿಡ್ನಿಯಲ್ಲಿ ಬೆಳೆಯುವ ಕಣಗಳು ಇದನ್ನು ಬಳಸಿ ತಮ್ಮ ಡಿಎನ್ಎಯನ್ನೇ ಕತ್ತರಿಸಿ, ಬೇರೆ ಬೇರೆ ರೀತಿ ಜೋಡಿಸಿಕೊಂಡು, ಒಂದೊಂದು ಕಣ ಒಂದೊಂದು ರೋಗಾಣುವನ್ನು ಗುರುತಿಸುವ ಹಾಗೆ ತಯಾರಾಗುತ್ತವೆ. ಜೀಬ್ರಾಫಿಶ್‌ನ ಥೈಮಸ್‌ನಲ್ಲಿ ರ್‍ಯಾಗ್1 ಕೆಲಸ ಶುರುವಾಗುವುದು ಸುಮಾರು ನಾಲ್ಕನೇ ದಿನ. ಅಯ್ಯೋ ಎಷ್ಟು ಬೇಗ ಅನ್ನಿಸುತ್ತದೆ. ಆದರೆ ಅದು ಬರೀ ಕೆಲಸದ ಆರಂಭ. ನೆನಪಿಟ್ಟುಕೊಳ್ಳುವ ಶಕ್ತಿ ಪೂರ್ತಿ ಕೈಗೆ ಬರುವುದಕ್ಕೆ ನಾಲ್ಕರಿಂದ ಆರು ವಾರ ಬೇಕು.

ಅಲ್ಲಿಯವರೆಗೆ ಮರಿ ಹೇಗೆ ಬದುಕುತ್ತದೆ? ಮೈಮೇಲಿನ ಲೋಳೆ, ಸಿಕ್ಕ ರೋಗಾಣುವನ್ನು ನುಂಗುವ ಕಣಗಳು, ತಾಯಿ ಮೊಟ್ಟೆಯೊಳಗೆ ಇಟ್ಟ ಒಂದಿಷ್ಟು ಪ್ರತಿಕಾಯ, ಅಂದರೆ ರೋಗಾಣುವಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನ್. ಇವು ಹುಟ್ಟಿನಿಂದಲೇ ಇರುತ್ತವೆ. 2002ರಲ್ಲಿ ರ್‍ಯಾಗ್1 ಕೆಟ್ಟ ಜೀಬ್ರಾಫಿಶ್ ಸಿಕ್ಕಿದಾಗ ಎಲ್ಲರಿಗೂ ಆಶ್ಚರ್ಯ ಆಗಿದ್ದು ಅದು ಬದುಕಿದ್ದಕ್ಕೆ. ಟಿ ಕಣ ಇಲ್ಲ, ಪ್ರತಿಕಾಯ ಮಾಡುವ ಬಿ ಕಣ ಇಲ್ಲ, ಆದರೂ ಪ್ರಯೋಗಾಲಯದ ಸ್ವಚ್ಛ ತೊಟ್ಟಿಯಲ್ಲಿ ಬೆಳೆದು ಮೊಟ್ಟೆಯನ್ನೂ ಇಟ್ಟಿತು. ನನಗೆ ಈ ಫಲಿತಾಂಶ ತುಂಬ ದೊಡ್ಡದು ಅನ್ನಿಸುತ್ತದೆ. ನೀರು ಚೆನ್ನಾಗಿದ್ದರೆ ಹುಟ್ಟಿನಿಂದ ಬಂದ ರಕ್ಷಣೆಯೇ ಬಹಳ ದೂರ ಎಳೆಯುತ್ತದೆ. ನೀರು ಕೆಟ್ಟರೆ ಎಂಥ ಜೀನ್ ಇದ್ದರೂ ಮರಿ ಉಳಿಯುವುದು ಕಷ್ಟ.

ಈಗ ಗೆಂಡೆಗೆ ಬರೋಣ. ಸಾಮಾನ್ಯ ಗೆಂಡೆಯಲ್ಲಿ ಥೈಮಸ್ ಮೊದಲು, ಆಮೇಲೆ ತಲೆಕಿಡ್ನಿ, ಕೊನೆಗೆ ಗುಲ್ಮ ರೋಗ ತಡೆಯುವ ಕಣಗಳಿಂದ ತುಂಬಿಕೊಳ್ಳುತ್ತವೆ. ಥೈಮಸ್ ಮೊದಲ ವಾರದಲ್ಲೇ ಕಾಣುತ್ತದೆ. ಪ್ರತಿಕಾಯ ಹೊತ್ತ ಬಿ ಕಣಗಳು ಎಣಿಸುವಷ್ಟು ಸಿಗುವುದು ಸುಮಾರು ಎರಡು ವಾರದ ಹೊತ್ತಿಗೆ. ದೊಡ್ಡ ಮೀನಿನ ಮಟ್ಟದ ಪ್ರತಿಕ್ರಿಯೆ ಬರುವುದು ಎಂಟು ವಾರದ ಸುಮಾರಿಗೆ. ನಡುವೆ ಒಂದು ಅಪಾಯವೂ ಇದೆ. ನಾಲ್ಕು ವಾರದ ಗೆಂಡೆಮರಿಗೆ ಕೆಲವು ಪ್ರೋಟೀನ್ ಚುಚ್ಚಿ ನೋಡಿದಾಗ ಅದರ ದೇಹ ಅವನ್ನು ಶತ್ರು ಅಂತ ಗುರುತಿಸುವ ಬದಲು ತನ್ನದೇ ಅಂತ ಒಪ್ಪಿಕೊಂಡುಬಿಟ್ಟಿತು. ಆಮೇಲೆ ಮತ್ತೆ ಅದೇ ಪ್ರೋಟೀನ್ ಬಂದಾಗ ಪ್ರತಿಕಾಯ ಸರಿಯಾಗಿ ಮಾಡಲಿಲ್ಲ. ಅಂದರೆ ತೀರಾ ಎಳೆಯ ಮರಿಗೆ ಲಸಿಕೆ ಹಾಕಿದರೆ ದುಡ್ಡು ಹೋಗುವುದಷ್ಟೇ ಅಲ್ಲ, ಉಲ್ಟಾ ಹೊಡೆಯುವ ಸಾಧ್ಯತೆಯೂ ಇದೆ.

ವಯಸ್ಸಿಗಿಂತ ಗಾತ್ರ ಇನ್ನೂ ಒಳ್ಳೆಯ ಗುರುತು. ಟ್ರೌಟ್, ಸಾಲ್ಮನ್ ಮರಿಗಳನ್ನು ಲಸಿಕೆ ಬೆರೆಸಿದ ನೀರಿನಲ್ಲಿ ಅದ್ದಿ ಮಾಡಿದ ಒಂದು ಹಳೆಯ ಪರೀಕ್ಷೆ 1982ರಲ್ಲಿ ಪ್ರಕಟವಾಯಿತು. 1 ಗ್ರಾಂ ತೂಕದ ಮರಿಯಲ್ಲಿ ರಕ್ಷಣೆ ಸುಮಾರು 120 ದಿನ ನಿಂತಿತು, 2 ಗ್ರಾಂನದರಲ್ಲಿ 180 ದಿನ, 4 ಗ್ರಾಂ ಮೇಲ್ಪಟ್ಟದ್ದರಲ್ಲಿ ವರ್ಷ ಅಥವಾ ಅದಕ್ಕೂ ಜಾಸ್ತಿ. ಒಂದೇ ಲಸಿಕೆ, ಫಲ ಮಾತ್ರ ಮೂರು ಪಟ್ಟು ಬೇರೆ.

ಇದನ್ನು ನಮ್ಮ ಮರಿಯ ಅಳತೆಗೆ ಇಟ್ಟು ನೋಡಿ. ಮೂರು ದಿನದ ಮೊಟ್ಟೆಮರಿ 6ರಿಂದ 8 ಮಿಲಿಮೀಟರ್. ಹದಿನೈದು ಇಪ್ಪತ್ತು ದಿನದ್ದು ಸುಮಾರು 25 ಮಿಲಿಮೀಟರ್, ಇದನ್ನೇ ಫ್ರೈ ಅನ್ನುತ್ತಾರೆ. ಬೆರಳುದ್ದದ ಮರಿ, ಅಂದರೆ ಫಿಂಗರ್ಲಿಂಗ್ ಆಗುವುದಕ್ಕೆ ಎರಡರಿಂದ ಮೂರು ತಿಂಗಳು. ಫ್ರೈ ಹಂತದಲ್ಲಿ ಮರಿ ಹೊಂಡಕ್ಕೆ ಬಿತ್ತು ಅಂದರೆ ಅದರಲ್ಲಿ ಥೈಮಸ್ ಇದೆ, ಬಿ ಕಣ ಆಗಷ್ಟೇ ಕಣ್ಣು ಬಿಡುತ್ತಿವೆ, ಗುಲ್ಮ ಇನ್ನೂ ತಯಾರಾಗಿಲ್ಲ.

ಸಾಗಾಟದ ವಿಷಯಕ್ಕೆ ಬಂದರೆ ಇನ್ನೂ ಬೇಜಾರು. ತಲೆಕಿಡ್ನಿ ಒಂದೇ ಅಂಗ, ಎರಡು ಕೆಲಸ. ರಕ್ತಕಣ ತಯಾರಿಸುವ ಜಾಗದಲ್ಲೇ, ಅವುಗಳ ಮಧ್ಯೆಯೇ, ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನ್ ಸುರಿಸುವ ಕಣಗಳೂ ಕೂತಿವೆ. ನಮ್ಮಲ್ಲಿ ಆ ಕೆಲಸಕ್ಕೆ ಕಿಡ್ನಿಯ ಮೇಲೆ ಬೇರೆ ಗ್ರಂಥಿ ಇದೆ, ಮೀನಿಗೆ ಇಲ್ಲ. ಚೀಲದಲ್ಲಿ ಒತ್ತೊತ್ತಾಗಿ ಕುಲುಕಾಡಿದ, ಅಮೋನಿಯಾ ಏರಿದ ನೀರಿನಲ್ಲಿ ಗಂಟೆಗಟ್ಟಲೆ ಇದ್ದ ಮರಿಯ ತಲೆಕಿಡ್ನಿಯಲ್ಲಿ ಕಾರ್ಟಿಸಾಲ್ ಏರಿದರೆ ಮೊದಲ ಏಟು ಪಕ್ಕದ ಮನೆಗೇ. ಬಿಳಿ ರಕ್ತಕಣ ಇಳಿಯುತ್ತವೆ, ಥೈಮಸ್ ಕುಗ್ಗುತ್ತದೆ. ಅಂಥ ಮರಿಯನ್ನು ಹೊಂಡದ ನೀರಿಗೆ ಹೊಂದಿಸದೆ ಚೀಲ ಹರಿದು ಸುರಿದರೆ, ಕೆಸರಿನಲ್ಲಿ ಯಾವಾಗಲೂ ಇರುವ ಏರೋಮೊನಾಸ್ ಎಂಬ ಸಾಮಾನ್ಯ ಬ್ಯಾಕ್ಟೀರಿಯಾವೇ ಸಾಕು. ಹೊಸ ರೋಗ ಬರಬೇಕಂತಿಲ್ಲ.

ಬಿಸಿಲು, ಚಳಿ ಎರಡೂ ನಮ್ಮಲ್ಲಿ ಅತಿ. ಮೀನಿನ ಮೈ ನೀರಿನಷ್ಟೇ ಬಿಸಿ ಇರುವುದರಿಂದ ಅದರ ಕಣಗಳ ಕೆಲಸವೂ ನೀರನ್ನೇ ಅನುಸರಿಸುತ್ತದೆ. ಬೇಸಿಗೆಯಲ್ಲಿ ಆಳವಿಲ್ಲದ ಹೊಂಡ ಕಾದು ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯಲ್ಲಿ ಏಳೂವರೆ ಆಸುಪಾಸು. ಚಳಿಗಾಲದಲ್ಲಿ ಬೇರೆ ತೊಂದರೆ. ಬೀದರ್ ಕಡೆ ರಾತ್ರಿ ಚಳಿ ಬಿದ್ದು ಹೊಂಡದ ನೀರು ತಣ್ಣಗಾದಾಗ ಟಿ ಕಣ, ಬಿ ಕಣಗಳ ಕೆಲಸ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಅಫನೊಮೈಸಿಸ್ ಎಂಬ ಬೂಷ್ಟಿನಂಥ ಜೀವಿ ಚುರುಕಾಗಿರುತ್ತದೆ. ಮೈಮೇಲೆ ಕೆಂಪು ಹುಣ್ಣಾಗಿ ಮಾಂಸ ಕೊಳೆಯುವ ಆ ರೋಗ ಭಾರತಕ್ಕೆ ಬಂದದ್ದು 1988ರಲ್ಲಿ. ಮಳೆ ಮುಗಿದು ಚಳಿ ಹಿಡಿಯುವಾಗಲೇ ಅದು ಕಾಣಿಸಿಕೊಳ್ಳುವುದು ಯಾಕೆ ಅನ್ನುವುದಕ್ಕೆ ಇದೂ ಒಂದು ಕಾರಣ.

ಸರಿ, ಹಾಗಾದರೆ ರೋಗ ತಡೆಯುವ ತಳಿ ಅನ್ನುವುದೆಲ್ಲ ಸುಳ್ಳಾ? ಸುಳ್ಳಲ್ಲ. ಭುವನೇಶ್ವರದಲ್ಲಿರುವ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ, ಎಲ್ಲರೂ ಸಿಫಾ ಅನ್ನುವುದು, 1992ರಲ್ಲಿ ನಾರ್ವೆಯವರ ಜೊತೆ ಸೇರಿ ರೋಹುವಿನ ಆಯ್ಕೆ ತಳಿ ಕೆಲಸ ಶುರು ಮಾಡಿತು. ಗಂಗಾ, ಯಮುನಾ, ಬ್ರಹ್ಮಪುತ್ರ, ಗೋಮತಿ, ಸಟ್ಲೆಜ್ ಐದು ನದಿಗಳ ರೋಹು ತಂದು, ತಮ್ಮಲ್ಲಿದ್ದದ್ದನ್ನೂ ಸೇರಿಸಿ, ತಲೆಮಾರು ತಲೆಮಾರಿಗೆ ಚೆನ್ನಾಗಿ ಬೆಳೆದ ಮನೆತನಗಳನ್ನು ಆರಿಸಿದರು. 1997ರಲ್ಲಿ, ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ, ಜಯಂತಿ ರೋಹು ಹೊರಬಂತು. ತಲೆಮಾರಿಗೆ ಸರಾಸರಿ ಶೇಕಡಾ 17ರಷ್ಟು ಹೆಚ್ಚು ಬೆಳವಣಿಗೆ ಅಂತ ಲೆಕ್ಕ. ಅದೇ ಸಂಸ್ಥೆಯಲ್ಲಿ ಏರೋಮೊನಾಸ್‌ಗೆ ಜಾಸ್ತಿ ಬದುಕುವ ಮನೆತನಗಳನ್ನೂ ಆರಿಸಿದ್ದಾರೆ. ಅವುಗಳ ರಕ್ತದಲ್ಲಿ ಸೆರುಲೋಪ್ಲಾಸ್ಮಿನ್ ಎಂಬ ತಾಮ್ರ ಹೊರುವ ಪ್ರೋಟೀನ್ ಹೆಚ್ಚಿರುವುದು ಕಂಡಿದೆ. ಗಮನಿಸಿ, ಇದು ಥೈಮಸ್‌ನ ನೆನಪಿನ ಶಕ್ತಿಯ ಮಾತಲ್ಲ, ಹುಟ್ಟಿನಿಂದ ಬರುವ ರಕ್ಷಣೆಯ ಮಾತು.

ನಾರ್ವೆ ಸಾಲ್ಮನ್‌ನ ಕಥೆ ಇನ್ನೂ ಸೋಜಿಗದ್ದು. ಮರಿಗಳನ್ನು ಕೊಲ್ಲುತ್ತಿದ್ದ ಐಪಿಎನ್ ಎಂಬ ವೈರಸ್‌ಗೆ ಕೆಲವು ಮನೆತನ ಬಗ್ಗುವುದೇ ಇಲ್ಲ ಅಂತ ಮೊದಲು ಕಂಡಿತು. ವರ್ಣತಂತುವಿನ ಯಾವ ಜಾಗ ಅಂತ ಸ್ಕಾಟ್ಲೆಂಡ್ ಮತ್ತು ನಾರ್ವೆಯ ಎರಡು ತಂಡ ಬೇರೆ ಬೇರೆಯಾಗಿ ಹುಡುಕಿ ಒಂದೇ ಜಾಗಕ್ಕೆ ಬಂದು ನಿಂತವು. 2015ರಲ್ಲಿ ನಾರ್ವೆಯವರು ಬೊಟ್ಟು ಮಾಡಿ ತೋರಿಸಿದ ಜೀನ್ ಕ್ಯಾಡ್‌ಹೆರಿನ್, ಕಣಕ್ಕೆ ಕಣ ಅಂಟಿಕೊಳ್ಳಲು ಬೇಕಾದ ಪ್ರೋಟೀನ್‌ನದು. ವೈರಸ್ ಒಳಗೆ ನುಗ್ಗುವುದು ಅದನ್ನು ಹಿಡಿದುಕೊಂಡು ಅನ್ನುವುದು ಅವರ ಅಂದಾಜು. ಅಂದರೆ ಅಷ್ಟು ದೊಡ್ಡ ರೋಗನಿರೋಧ ಸಿಕ್ಕಿದ್ದು ರೋಗನಿರೋಧಕ ಅಂಗಗಳ ಜೀನ್‌ನಿಂದಲೇ ಅಲ್ಲ. ಮೊಟ್ಟೆ ಮಾರುವ ಕಂಪನಿಗಳು ಆ ಗುರುತು ನೋಡಿ ತಾಯಿಮೀನು ಆರಿಸತೊಡಗಿದ ಮೇಲೆ ನಾರ್ವೆಯಲ್ಲಿ ಆ ರೋಗ ತೀರಾ ಇಳಿಯಿತು. ಒಂದು ವೈರಸ್, ಒಂದು ಬಾಗಿಲು ಅನ್ನುವ ಕಡೆ ಒಂದೇ ಜೀನ್ ಪವಾಡ ಮಾಡಬಹುದು. ನಮ್ಮ ಹೊಂಡದಲ್ಲಿ ಒಂದೇ ಶತ್ರು ಇಲ್ಲ. ಏರೋಮೊನಾಸ್ ಇದೆ, ಹುಣ್ಣು ಇದೆ, ಮೈಗೆ ಅಂಟಿ ರಕ್ತ ಹೀರುವ ಆರ್ಗುಲಸ್ ಹೇನು ಇದೆ.

ಅಂಗ, ಕಣ ಎಲ್ಲ ಇದ್ದರೇ ಮೀನು ಬದುಕುವುದು ಅಂತಲೂ ಇಲ್ಲ. 2011ರಲ್ಲಿ ಅಟ್ಲಾಂಟಿಕ್ ಕಾಡ್ ಮೀನಿನ ಜೀನೋಮ್ ಓದಿದಾಗ, ಪ್ರತಿಕಾಯದ ನೆನಪಿಗೆ ಬೇಕೇ ಬೇಕು ಅಂತ ಎಲ್ಲ ಪುಸ್ತಕಗಳೂ ಹೇಳುವ ಎಂಎಚ್‌ಸಿ-2 ಎಂಬ ಜೀನ್‌ಗಳೇ ಅದರಲ್ಲಿ ಇರಲಿಲ್ಲ. ಬೇರೆ ಜೀನ್‌ಗಳ ಪ್ರತಿಗಳನ್ನು ಹೆಚ್ಚಿಸಿಕೊಂಡು ಅದು ಸಮುದ್ರದಲ್ಲಿ ಆರಾಮಾಗಿದೆ. ಆಳ ಸಮುದ್ರದ ಆಂಗ್ಲರ್ ಮೀನುಗಳದ್ದಂತೂ ಕೇಳಲೇಬೇಡಿ. ಗಂಡು ಹೆಣ್ಣಿನ ಮೈಗೆ ಕಚ್ಚಿಕೊಂಡು ಚರ್ಮ, ರಕ್ತ ಎಲ್ಲ ಒಂದಾಗಿ ಬೆಸೆದುಹೋಗುತ್ತದೆ. ಹೀಗೆ ಬೆಸೆಯುವ ಕೆಲವು ಜಾತಿಗಳು ರ್‍ಯಾಗ್ ಜೀನ್‌ಗಳನ್ನೇ ಕಳೆದುಕೊಂಡಿವೆ ಅಂತ 2020ರಲ್ಲಿ ಬಯಲಾಯಿತು. ಪರರ ಮೈಯನ್ನು ತಿರಸ್ಕರಿಸುವ ಶಕ್ತಿ ಇದ್ದಿದ್ದರೆ ಸಂಸಾರವೇ ಸಾಧ್ಯವಾಗುತ್ತಿರಲಿಲ್ಲ.

ಜೀನ್ ಎಡಿಟಿಂಗ್ ಬಗ್ಗೆ ಉತ್ಸಾಹ ಇರುವವರಿಗೆ ಇದನ್ನೆಲ್ಲ ಹೇಳುತ್ತಿದ್ದೇನೆ. ತಂತ್ರ ನಮ್ಮಲ್ಲಿಲ್ಲ ಅಂತೇನಲ್ಲ. ಸಿಫಾ ವಿಜ್ಞಾನಿಗಳು ಕ್ರಿಸ್ಪರ್ ಎಂಬ ಜೀನ್ ಕತ್ತರಿಸುವ ತಂತ್ರ ಬಳಸಿ ರೋಹುವಿನ ಟಿಎಲ್ಆರ್22 ಎಂಬ ಜೀನನ್ನು ಕೆಡಿಸಿ ತೋರಿಸಿದ್ದು 2016ರಲ್ಲೇ ಪ್ರಕಟವಾಗಿದೆ. ರೋಗಾಣುವನ್ನು ಮೊದಲು ಮೂಸಿ ನೋಡುವ ಜೀನ್ ಅದು, ನಮ್ಮಂಥ ಸಸ್ತನಿಗಳಲ್ಲಿ ಇಲ್ಲ. ಆದರೆ ಕೆಡಿಸಿ ನೋಡುವುದು ಆ ಜೀನಿನ ಕೆಲಸ ತಿಳಿಯುವುದಕ್ಕೆ, ಮಾರುವ ಮೀನು ಮಾಡುವುದಕ್ಕಲ್ಲ. ಜಪಾನಿನಲ್ಲಿ 2021ರಿಂದ ಮಾರುತ್ತಿರುವ ಎಡಿಟ್ ಮಾಡಿದ ಕೆಂಪು ಬ್ರೀಮ್ ಮೀನಿನಲ್ಲಿ ಬದಲಾಯಿಸಿದ್ದು ಮಾಂಸ ಹೆಚ್ಚಿಸುವ ಜೀನ್, ರೋಗದ್ದಲ್ಲ. ನಮ್ಮ ದೇಶದಲ್ಲಿ ಜೀನ್ ಬದಲಾಯಿಸಿದ ಜೀವಿಗಳ ಮೇಲಿನ ಬಿಗಿ ನಿಯಮಗಳಿಂದ 2022ರಲ್ಲಿ ಕೊಟ್ಟ ವಿನಾಯಿತಿ ಕೆಲವು ಬಗೆಯ ಎಡಿಟ್ ಮಾಡಿದ ಗಿಡಗಳಿಗೆ ಮಾತ್ರ. ಎಡಿಟ್ ಮಾಡಿದ ಮೀನು ಕೃಷಿ ಹೊಂಡದಲ್ಲೇ ಉಳಿಯುತ್ತದೆ ಅನ್ನುವ ಭರವಸೆಯೂ ನನಗಿಲ್ಲ, ಒಂದು ಜೋರು ಮಳೆಗೆ ಹೊಂಡ ತುಂಬಿ ಹಳ್ಳಕ್ಕೆ, ಹಳ್ಳ ಕಾಗಿಣಾಕ್ಕೆ, ಕಾಗಿಣಾ ಭೀಮೆಗೆ ಹೋಗುವುದನ್ನು ನೋಡುತ್ತಲೇ ಇದ್ದೇವೆ. ಥೈಮಸ್ ಬೇಗ ಬೆಳೆಯಲಿ ಅಂತ ಫಾಕ್ಸ್‌ಎನ್1 ಹೆಚ್ಚಿಸೋಣ ಅನ್ನುವವರಿಗೂ ಅದೇ ಉತ್ತರ. ಆ ಜೀನ್ ಒಬ್ಬಂಟಿ ಅಲ್ಲ. ಮಡಿಕೆ ಆಗದೆ ಅದಕ್ಕೆ ಜಾಗ ಇಲ್ಲ, ರನ್ಎಕ್ಸ್1 ಕೆಲಸ ಮಾಡದೆ ಅದರ ಹತ್ತಿರ ಕಣ ಬರುವುದಿಲ್ಲ.

ಹೊರಗಿನಿಂದ ಬಂದ ಉಪಾಯಗಳಲ್ಲಿ ನನಗೆ ಬುದ್ಧಿವಂತಿಕೆಯದ್ದು ಅನ್ನಿಸಿದ್ದು ತಾಯಿಮೀನಿಗೆ ಕೊಡುವ ಲಸಿಕೆ. ಸಿಫಾದವರದ್ದೇ, ಸಿಫಾ-ಬ್ರೂಡ್-ವ್ಯಾಕ್ ಅಂತ ಹೆಸರು. ಮರಿಯ ಅಂಗಗಳು ತಯಾರಾಗಿಲ್ಲ ಅನ್ನುವುದನ್ನು ಒಪ್ಪಿಕೊಂಡೇ ಇದು ಹೊರಡುತ್ತದೆ. ತಳಿ ತೆಗೆಯುವ ಮುಂಚೆ ತಾಯಿಗೆ ಚುಚ್ಚಿದರೆ ಅವಳ ಪ್ರತಿಕಾಯ ಮೊಟ್ಟೆಯ ಹಳದಿಯ ಮೂಲಕ ಮರಿಗೆ ಹೋಗುತ್ತದೆ. ಆ ರಕ್ಷಣೆ ಸ್ವಲ್ಪ ದಿನದ್ದು, ಮೊಟ್ಟೆಮರಿ ಮತ್ತು ಫ್ರೈ ಹಂತ ದಾಟಿಸುವುದಕ್ಕೆ. ಇದನ್ನು ಬಳಸಬೇಕಾದವರು ಮರಿ ಉತ್ಪಾದಿಸುವ ಕೇಂದ್ರದವರು. ಹೊಂಡದ ರೈತ ಮಾಡಬಹುದಾದದ್ದು, ತಾಯಿಮೀನಿಗೆ ಲಸಿಕೆ ಹಾಕಿದ್ದೀರಾ ಅಂತ ಮರಿ ಕೊಳ್ಳುವಾಗ ಕೇಳುವುದು. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಗುತ್ತದೆ.

ಕೇಳದೆ ಇರುವುದರ ಬೆಲೆ ಔಷಧದ ರೂಪದಲ್ಲಿ ಹೋಗುತ್ತಿದೆ. ಮರಿ ಸತ್ತ ಕೂಡಲೇ ಆ್ಯಂಟಿಬಯೋಟಿಕ್ ಪುಡಿ ಎರಚುವುದು ರೂಢಿಯಾಗಿದೆ. ವೈರಸ್‌ಗೆ, ಬೂಷ್ಟಿಗೆ, ಹೇನಿಗೆ ಅದು ಏನೂ ಮಾಡುವುದಿಲ್ಲ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ನಂಥವು ಮೀನುಸಾಕಣೆಯಲ್ಲಿ ನಿಷೇಧ ಆಗಿರುವ ಔಷಧಗಳು. ಅಂಗಡಿಯಲ್ಲಿ ಬರೀ "ಮೀನಿನ ಪೌಡರ್" ಅಂತ ಕೊಟ್ಟರೆ ಒಳಗೆ ಏನಿದೆ ಅಂತ ಚೀಟಿ ಓದಿ.

ನಮ್ಮ ಮೂರು ಜಿಲ್ಲೆಗೆ ಬೇಕಾಗಿರುವುದು ದೊಡ್ಡ ಮರಿ. ಇದಕ್ಕೆ ಎದುರು ಮಾತು ಏನು ಬರುತ್ತದೆ ಅಂತ ಗೊತ್ತು, ಅದು ಸರಿಯಾದ ಮಾತೂ ಹೌದು. ಕೃಷಿ ಹೊಂಡದಲ್ಲಿ ನೀರು ನಿಲ್ಲುವುದೇ ಏಳೆಂಟು ತಿಂಗಳು. ಆಳಂದ, ಚಿಂಚೋಳಿ ಕಡೆಯ ರೈತ ಮರಿ ಬೆರಳುದ್ದ ಆಗಲಿ ಅಂತ ಮೂರು ತಿಂಗಳು ಕಾದರೆ ಮೀನು ತೂಕಕ್ಕೆ ಬರುವ ಮೊದಲೇ ಹೊಂಡ ಬತ್ತುತ್ತದೆ. ಅದಕ್ಕೇ ಅವನು ಜುಲೈನಲ್ಲಿ ಸಿಕ್ಕಿದ್ದನ್ನು ಬಿಡುತ್ತಾನೆ. ಜೊತೆಗೆ ಸಣ್ಣ ಮರಿ ಅಗ್ಗ.

ಇದಕ್ಕೆ ದಾರಿ ಇದೆ, ಆಂಧ್ರದವರು ಬಹಳ ಕಾಲದಿಂದ ಮಾಡುತ್ತಿದ್ದಾರೆ. ಹಿಂದಿನ ವರ್ಷದ ಮರಿಯನ್ನು ಒತ್ತಾಗಿ, ಕಡಿಮೆ ಮೇವು ಕೊಟ್ಟು, ಬೆಳೆಯಲು ಬಿಡದೆ ಹಿಡಿದಿಡುವುದು. ಮಳೆ ಬಂದ ಕೂಡಲೇ ವರ್ಷ ತುಂಬಿದ ಆ ಮರಿಯನ್ನು ವಿಶಾಲ ಹೊಂಡಕ್ಕೆ ಬಿಡುವುದು. ಜಾಗ, ಮೇವು ಸಿಕ್ಕಿದ್ದೇ ತಡ ಹಸಿದ ಮೀನು ಓಡೋಡಿ ಬೆಳೆಯುತ್ತದೆ. ಮುಖ್ಯವಾಗಿ ಅದರ ಥೈಮಸ್, ತಲೆಕಿಡ್ನಿ, ಗುಲ್ಮ ಎಲ್ಲ ಕೆಲಸಕ್ಕೆ ನಿಂತು ತಿಂಗಳುಗಳೇ ಆಗಿರುತ್ತವೆ. ಲಸಿಕೆ ಹಾಕುವುದಿದ್ದರೂ ಅದಕ್ಕೆ ಹಾಕಿದರೆ ಅರ್ಥ ಇದೆ.

ಇದಕ್ಕೆ ಬೇಸಿಗೆಯಲ್ಲೂ ನೀರಿರುವ ಜಾಗ ಬೇಕು. ಅದು ನಮ್ಮಲ್ಲಿ ಎಲ್ಲ ಕಡೆ ಇಲ್ಲ, ಆದರೆ ಕೆಲವು ಕಡೆ ಇದೆ. ಭಾಲ್ಕಿ ಬಳಿಯ ಕಾರಂಜಾ ಜಲಾಶಯದ ಕೆಳಗೆ, ಭೀಮೆಗೆ ಕಟ್ಟಿದ ಬ್ಯಾರೇಜುಗಳ ಅಂಚಿನಲ್ಲಿ, ನಾರಾಯಣಪುರದ ಕಾಲುವೆ ಹರಿಯುವ ಸುರಪುರ, ಶಹಾಪುರ ಕಡೆ. ಅಲ್ಲಿನ ಮೀನುಗಾರರ ಸಹಕಾರ ಸಂಘಗಳು ಮರಿ ಸಾಕಿ ಒಣ ತಾಲ್ಲೂಕುಗಳಿಗೆ ಮಾರಬಹುದು. ಮರಿಯ ಪ್ರಯಾಣ ಒಂದು ರಾತ್ರಿಯಿಂದ ಎರಡು ಮೂರು ಗಂಟೆಗೆ ಇಳಿಯುತ್ತದೆ. ಕಾಲುವೆ ಬೇಸಿಗೆಯಲ್ಲಿ ಬಂದಾಗುವುದರಿಂದ ಪಕ್ಕದಲ್ಲಿ ಒಂದು ಬೋರ್‌ವೆಲ್ ಬೇಕಾಗುತ್ತದೆ, ಖರ್ಚಿನ ದೊಡ್ಡ ಭಾಗ ಅದೇ. ಮೀನುಗಾರಿಕೆಯ ಹೆಸರನ್ನೂ ಇಟ್ಟುಕೊಂಡಿರುವ ಪಶು ವಿಶ್ವವಿದ್ಯಾಲಯದ ಮುಖ್ಯ ಕಚೇರಿ ಬೀದರ್‌ನ ನಂದಿನಗರದಲ್ಲೇ ಇದೆ. ಮೀನುಗಾರಿಕೆ ಕಾಲೇಜು ಮಾತ್ರ ದೂರದ ಮಂಗಳೂರಿನಲ್ಲಿ. ಒಣನಾಡಿನ ಹೊಂಡದಲ್ಲಿ ವರ್ಷದ ಮರಿ ಎಷ್ಟು ಉಳಿಯುತ್ತದೆ, ಫ್ರೈ ಎಷ್ಟು ಉಳಿಯುತ್ತದೆ ಅಂತ ಅಕ್ಕಪಕ್ಕದ ಎರಡು ಹೊಂಡದಲ್ಲಿ ಬಿಟ್ಟು ಎಣಿಸುವ ಕೆಲಸಕ್ಕೆ ಬೀದರ್‌ಗಿಂತ ಒಳ್ಳೆಯ ಜಾಗ ಯಾವುದಿದೆ?

ಇನ್ನು ಉಳಿಯುವುದು ಬೆಲೆ. ಈಗ ಮರಿಯ ದರ ಸಾವಿರಕ್ಕೆ ಇಷ್ಟು ಅಂತ. ಹಾಗಾಗಿ ಮಾರುವವನಿಗೆ ಸಣ್ಣ ಮರಿಯೇ ಲಾಭ, ಒಂದೇ ಚೀಲದಲ್ಲಿ ಹೆಚ್ಚು ತಲೆ ಹಿಡಿಯುತ್ತವೆ. ಸಂಘಗಳು ಕೊಳ್ಳುವಾಗ ಉದ್ದ ನೋಡಿ ದರ ಕಟ್ಟಲಿ. ಚೀಲ ಇಳಿಸುವ ಮುಂಚೆ ಒಂದು ಬಟ್ಟಲಲ್ಲಿ ಹತ್ತು ಮರಿ ತೆಗೆದು ಅಳತೆಪಟ್ಟಿ ಇಟ್ಟು ನೋಡಲಿ. 80 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಬೆರಳುದ್ದದ ಮರಿಯ ದುಡ್ಡು ಕೊಡುವುದು ಬೇಡ.